ಫ್ಯಾಮಿಲಿ ಕಾರ್ಡಿನ ಊರು

ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಅವರ ಪೀರಿಯಡ್ ಇನ್ನೊಬ್ಬರ ತಲೆಗೆ ಬರುತ್ತದೆ. ಹಾಗೆ 2025ರ ಜುಲೈಯ ಒಂದು ಮಳೆಯ ಮಧ್ಯಾಹ್ನ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ ನನ್ನ ಪಾಲಿಗೆ ಬಂತು. ಹೇಳಿಕೇಳಿ ನಾನು ವಿಜ್ಞಾನದ ಮೇಷ್ಟ್ರು. ಇತಿಹಾಸದ ಪಾಠ ಮಾಡುವ ಧೈರ್ಯವಿಲ್ಲ. ಹೊತ್ತು ಕಳೆಯಲೆಂದು, ‘ನಿಮ್ಮ ಅಜ್ಜ ಮುತ್ತಜ್ಜಂದಿರು ಈ ಊರಿಗೆ ಎಲ್ಲಿಂದ ಬಂದವರು? ಮನೆಯಲ್ಲಿ ಕೇಳಿ ನಾಳೆ ಬರೆದುಕೊಂಡು ಬನ್ನಿ’ ಎಂದೆ.

ಮರುದಿನ ಪುಸ್ತಕಗಳು ಮೇಜಿನ ಮೇಲೆ ಬಂದು ಬಿದ್ದವು. ಗೌಡರ ಹುಡುಗರೆಲ್ಲ ಐಗೂರು ಸೀಮೆಯಿಂದ ಘಟ್ಟ ಇಳಿದು ಬಂದವರು. ಕಡಬದ ಕಡೆಯ ಇಬ್ಬರು ಕ್ರೈಸ್ತ ಹುಡುಗರ ಅಜ್ಜಂದಿರು ತಿರುವಾಂಕೂರಿನಿಂದ ರಬ್ಬರ್ ಕೃಷಿಗೆಂದು ಬಂದವರು. ಒಬ್ಬ ‘ನಾವು ಎಲ್ಲಿಂದಲೂ ಬಂದಿಲ್ಲ, ಇಲ್ಲಿಯೇ ಇದ್ದೆವು’ ಎಂದು ಗತ್ತಿನಿಂದ ಬರೆದಿದ್ದ. ರಬ್ಬರ್ ಕಾಲೊನಿಯ ಒಬ್ಬಳು ಹುಡುಗಿ ಮಾತ್ರ ಮೂರು ಊರು ಬರೆದು ಪ್ರಶ್ನೆ ಚಿಹ್ನೆ ಹಾಕಿದ್ದಳು. ‘ಪಾಟಿಯ ಊರು ಹಟ್ಟನ್. ಪಾಟಿಯ ತಾತನ ಊರು ತುರೈಯೂರಿನ ಹತ್ತಿರ. ನನ್ನ ಊರು ಸುಳ್ಯ. ಇದರಲ್ಲಿ ಯಾವುದನ್ನು ಬರೆಯಬೇಕು ಸಾರ್?’

ಉತ್ತರ ನನಗೂ ಗೊತ್ತಿರಲಿಲ್ಲ. ದಸರೆಯ ರಜೆಯಲ್ಲಿ ಹದಿನಾಲ್ಕು ಮಕ್ಕಳನ್ನು ಕಟ್ಟಿಕೊಂಡು ತಮಿಳುನಾಡಿಗೆ ಹೋಗಿ ಬಂದದ್ದಕ್ಕೆ ಕಾರಣ ಆ ಪ್ರಶ್ನೆಯೇ.

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಈ ಕಾಲೊನಿಗಳನ್ನು ಪರಿಚಯಿಸಬೇಕಾಗಿಲ್ಲ. ಐವರ್ನಾಡು, ಮೇದಿನಡ್ಕ, ಕೌಡಿಚ್ಚಾರು ಹೀಗೆ ರಬ್ಬರ್ ಕಾಡು ಇರುವಲ್ಲೆಲ್ಲ ಉದ್ದಕ್ಕೆ ಸಾಲು ಮನೆಗಳು, ಮಧ್ಯದಲ್ಲೊಂದು ಮಾರಿಯಮ್ಮನ ಗುಡಿ, ತಮಿಳಿನಲ್ಲಿ ಬರೆದ ಗೋಡೆ. ಬಸ್ಸಿನ ಕಂಡಕ್ಟರರು ‘ಸಿಲೋನ್ ಕಾಲೊನಿ’ ಎಂದು ಕೂಗುತ್ತಾರೆ. ಸರಕಾರಿ ಕಾಗದದಲ್ಲಿ ಅದು ಸಿ.ಆರ್.ಸಿ. ಕಾಲೊನಿ. ಅಲ್ಲಿಯ ಮಕ್ಕಳು ಮನೆಯಲ್ಲಿ ತಮಿಳು, ರಸ್ತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತನಾಡುತ್ತಾರೆ. ಗೌಡರ ಹುಡುಗರ ಜತೆ ಜಗಳವಾದರೆ ಅರೆಭಾಷೆಯೂ ಬರುತ್ತದೆ. ಭಾಷೆಯಲ್ಲಿ ಇವರನ್ನು ಸೋಲಿಸುವವರಿಲ್ಲ. ಆದರೂ ಹತ್ತಿರದ ಗ್ರಾಮದವರಲ್ಲಿ ಅನೇಕರಿಗೆ ಇವರು ಯಾಕೆ ಬಂದರು, ಯಾರು ತಂದರು ಎಂಬುದು ತಿಳಿಯದು. ಇಪ್ಪತ್ತೇಳು ವರ್ಷ ಪಾಠ ಮಾಡಿದ ನನಗೂ ಅರ್ಧಂಬರ್ಧವೇ ತಿಳಿದಿತ್ತು.

ಹುಡುಗಿಯ ಪಾಟಿಯನ್ನು ನೋಡಲು ಒಂದು ಆದಿತ್ಯವಾರ ಕಾಲೊನಿಗೆ ಹೋದೆ. ವಯಸ್ಸು ಎಪ್ಪತ್ತರ ಹತ್ತಿರ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಬ್ಬರ್ ಕೆತ್ತಿದ ಕೈ. ತಗಡಿನ ಟ್ರಂಕಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ ತೆಗೆದು ಕೊಟ್ಟರು. ಅದೇ ಫ್ಯಾಮಿಲಿ ಕಾರ್ಡು. ಕ್ಯಾಂಡಿಯ ಭಾರತೀಯ ಸಹಾಯಕ ಹೈಕಮಿಷನ್ ಕಛೇರಿ ಕೊಟ್ಟದ್ದು. ಮನೆಯವರ ಹೆಸರು, ವಯಸ್ಸು, ಮೂಲ ಊರು, ತಾಲೂಕು, ಜಿಲ್ಲೆ. ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿದೆ. ಊರಿನ ಹೆಸರು ಮಾತ್ರ ಉಳಿದಿದೆ, ತುರೈಯೂರಿನ ಆಸುಪಾಸಿನ ಒಂದು ಹಳ್ಳಿ. ‘ಆ ಊರು ನೀವು ನೋಡಿದ್ದೀರಾ ಪಾಟಿ?’ ಎಂದು ಕೇಳಿದೆ. ‘ಇಲ್ಲ ಸಾರ್. ನಮ್ಮಪ್ಪನೂ ನೋಡಿಲ್ಲ. ನಮ್ಮ ತಾತ ಹೇಳಿದ್ದು, ಅಪ್ಪ ಬರೆಸಿದ್ದು’ ಎಂದರು.

ಅಲ್ಲಿಂದ ಎದ್ದು ಬರುವಾಗ ಹುಡುಗಿಯ ಅಪ್ಪ ರಸ್ತೆಯ ತನಕ ಜತೆಗೆ ಬಂದ. ಅವನ ಚಿಂತೆ ಬೇರೆಯೇ ಇತ್ತು. ಮಗಳು ಮುಂದಿನ ವರ್ಷ ಹತ್ತನೆಯ ತರಗತಿ. ಆಮೇಲೆ ಪಿಯುಸಿ, ಹಾಸ್ಟೆಲು, ವಿದ್ಯಾರ್ಥಿವೇತನ. ಎಲ್ಲದಕ್ಕೂ ಜಾತಿ ಪ್ರಮಾಣಪತ್ರ ಬೇಕು. ಇವರು ಆದಿ ದ್ರಾವಿಡರು. ಕಾಲೊನಿಗಳಲ್ಲಿ ಕೆಲವರಿಗೆ ಪತ್ರ ಸಿಕ್ಕಿದೆ, ಕೆಲವರು ವರ್ಷಗಟ್ಟಲೆ ಅಲೆದಿದ್ದಾರೆ. ಇವನ ಅರ್ಜಿ ಒಂದು ಕಛೇರಿಯಿಂದ ಎರಡು ಸಲ ಹಿಂದೆ ಬಂದಿತ್ತು: ಮೂಲ ಊರಿನ ದಾಖಲೆ ತನ್ನಿ ಎಂದು. ‘ನೀವು ಹೋಗುವುದಾದರೆ ಅಲ್ಲಿ ಏನಾದರೂ ಒಂದು ಕಾಗದ ಸಿಗಬಹುದಾ ಸಾರ್?’ ಎಂದ. ನಾನು ಕೇಳಿನೋಡುತ್ತೇನೆ ಎಂದು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಸುಲಭ.

ಎರಡು ವಲಸೆಗಳು

ಹೊರಡುವ ಮೊದಲು ಮಕ್ಕಳಿಗೆ ಎರಡು ದಿನ ಪಾಠ ಮಾಡಿದೆ. ಮೊದಲನೆಯದು ನನ್ನ ವಿಷಯ, ರಬ್ಬರ್ ಮರ. ಸುಳ್ಯದ ಮಕ್ಕಳಿಗೆ ಇದು ಮನೆಯ ಹಿತ್ತಿಲ ಮರ. ಆದರೆ ಇದು ಬ್ರೆಜಿಲಿನದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಅಮೆಜಾನ್ ಕಾಡಿನಿಂದ ಸುಮಾರು 70,000 ಬೀಜ ಹಡಗಿನಲ್ಲಿ ತುಂಬಿಸಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಎರಡೂಮುಕ್ಕಾಲು ಸಾವಿರದಷ್ಟು. ಅದರಲ್ಲಿ ಹೆಚ್ಚಿನ ಪಾಲು, 1,919 ಸಸಿಗಳು, ಅದೇ ವರ್ಷ ಗಾಜಿನ ಪೆಟ್ಟಿಗೆಗಳಲ್ಲಿ ಸಿಲೋನಿಗೆ ಹೋದವು. ಕೊಲಂಬೊ ಹತ್ತಿರದ ಹೆನರತ್‌ಗೊಡ ತೋಟದಲ್ಲಿ ಬೇರು ಬಿಟ್ಟವು. ಏಷ್ಯಾದ ರಬ್ಬರ್ ತೋಟಗಳ ವಂಶಾವಳಿಯನ್ನು ಹುಡುಕುತ್ತ ಹೋದರೆ ಬಹುಪಾಲು ಆ ವಿಕ್‌ಹ್ಯಾಮನ ಬೀಜಗಳಲ್ಲಿಗೇ ಮುಟ್ಟುತ್ತದೆ. ನಾನು ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಾಗಾದರೆ ಮರವೂ ಸಿಲೋನಿನದ್ದೇ ಸಾರ್, ಮರಕ್ಕೆ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ’ ಎಂದ. ತರಗತಿ ನಕ್ಕಿತು. ಆ ಹುಡುಗಿಯೂ ನಕ್ಕಳು.

ಎರಡನೆಯ ಪಾಠ ಮನುಷ್ಯರದು. ಸಿಲೋನಿನ ಬೆಟ್ಟಗಳಲ್ಲಿ ಬ್ರಿಟಿಷರು ಮೊದಲು ಬೆಳೆದದ್ದು ಕಾಫಿ. ಕೆಲಸಕ್ಕೆ ತಿರುಚ್ಚಿ, ಸೇಲಂ, ಪುದುಕ್ಕೋಟೈ, ಮಧುರೆ, ರಾಮನಾಡಿನ ಬಡವರನ್ನು ಕರೆಸಿಕೊಂಡರು. ಸಮುದ್ರ ದಾಟಿ ಮನ್ನಾರಿನಲ್ಲಿಳಿದ ಮೇಲೆ ಬೆಟ್ಟ ಮುಟ್ಟಲು ಕಾಡಿನಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ನಡಿಗೆ. ದಾರಿಯಲ್ಲಿ ಕಾಲರಾ, ಜ್ವರ, ಹಸಿವು. ಸತ್ತವರನ್ನು ಎಣಿಸಿದವರಿಲ್ಲ. 1869ರಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಕಾಣಿಸಿಕೊಂಡು ಇಪ್ಪತ್ತು ವರ್ಷದೊಳಗೆ ಕಾಫಿಯನ್ನೇ ಮುಗಿಸಿತು. ಅದರ ಜಾಗಕ್ಕೆ 1867ರಲ್ಲಿ ಜೇಮ್ಸ್ ಟೇಲರ್ ಎಂಬವನು ನೆಟ್ಟು ತೋರಿಸಿದ್ದ ಟೀ ಬಂತು. ಕಾಫಿಗೆ ವರ್ಷದಲ್ಲಿ ಕೆಲವು ತಿಂಗಳ ಕೆಲಸವಾದರೆ ಟೀ ಸೊಪ್ಪು ವರ್ಷವಿಡೀ ಕೊಯ್ಯಬೇಕು. ಹಾಗಾಗಿ ಬಂದವರು ಮರಳಲಿಲ್ಲ, ಸಾಲು ಮನೆಗಳಲ್ಲಿ ನೆಲೆಸಿದರು. ಕರೆತರುವವನು ಕಂಗಾಣಿ. ದಾರಿಖರ್ಚು, ಅಕ್ಕಿ, ಕಂಬಳಿ ಎಲ್ಲ ಅವನ ಲೆಕ್ಕ. ಕೆಲಸಕ್ಕೆ ಸೇರುವ ದಿನವೇ ಆಳಿನ ತಲೆಯ ಮೇಲೆ ಸಾಲ. ಒಂದು ಶಿಲೀಂಧ್ರ ಒಂದು ಜನಾಂಗದ ಹಣೆಬರಹವನ್ನು ಹೇಗೆ ತಿದ್ದಿತು ಎಂಬುದನ್ನು ಪಠ್ಯಪುಸ್ತಕದಲ್ಲಿ ಸಸ್ಯರೋಗದ ಅಧ್ಯಾಯದಲ್ಲಿ ಯಾರೂ ಬರೆಯುವುದಿಲ್ಲ.

ಮುಂದಿನದು ಲೆಕ್ಕ. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯಿದೆ ತೋಟದ ತಮಿಳರಲ್ಲಿ ಹೆಚ್ಚಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಜನರ ವಿಷಯ ಆಮೇಲೆ. 1974ರಲ್ಲಿ ಆ ಶೇಷವನ್ನೂ ಎರಡು ದೇಶಗಳಿಗೆ 75,000ದಂತೆ ಸರಿಯಾಗಿ ಅರ್ಧ ಮಾಡಿದರು. ಕರಿಹಲಗೆಯ ಮೇಲೆ ಬರೆದರೆ ಒಳ್ಳೆಯ ಭಾಗಾಕಾರದ ಲೆಕ್ಕ. ಭಾಗವಾದವರನ್ನು ಯಾರೂ ಕೇಳಿರಲಿಲ್ಲ. ನಮ್ಮ ಪಾಟಿಯ ಮನೆಯಲ್ಲಿ ಅಪ್ಪ, ಅಮ್ಮ, ಮೂವರು ಮಕ್ಕಳು ಈಚೆ ಬಂದರೆ ಮದುವೆಯಾಗಿದ್ದ ಅಕ್ಕ ಆಚೆಯೇ ಉಳಿದರು.

ಬಂದವರಲ್ಲಿ ಬಹುಪಾಲು ತಮಿಳುನಾಡಿನಲ್ಲಿಳಿದರು. ನೀಲಗಿರಿಯ ಟೀ ತೋಟಗಳಲ್ಲಿ, ಕೇರಳದ ಪುನಲೂರಿನ ರಬ್ಬರ್ ತೋಟದಲ್ಲಿ ಕೆಲವರಿಗೆ ಕೆಲಸ ಸಿಕ್ಕಿತು. ಕರ್ನಾಟಕದ ಪಾಲಿಗೆ ಬಂದವರಿಗೆ ನಮ್ಮ ಈ ಕಾಡುಗಳಲ್ಲಿ ರಬ್ಬರ್ ಬೆಳೆಸಿ ಕೆಲಸ ಕೊಡುವುದೆಂದಾಯಿತು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಆ ತೋಟಗಳನ್ನು ನೋಡಿಕೊಳ್ಳುತ್ತಿದೆ. ಟೀ ಸೊಪ್ಪು ಕೊಯ್ದು ಗೊತ್ತಿದ್ದವರು ಇಲ್ಲಿ ಕತ್ತಿ ಹಿಡಿದು ತೊಗಟೆ ಕೆತ್ತುವುದನ್ನು ಹೊಸದಾಗಿ ಕಲಿತರು. ಎಡದಿಂದ ಬಲಕ್ಕೆ ಇಳಿಜಾರಾಗಿ ಕೆತ್ತಬೇಕು. ಹಾಲಿನ ನಾಳಗಳು ಮರವನ್ನು ಬಲದ ಕಡೆಗೆ ವಾಲಿಕೊಂಡು ಸುತ್ತಿ ಏರುವುದರಿಂದ ಹಾಗೆ ಕೆತ್ತಿದರೆ ಹೆಚ್ಚು ನಾಳ ತುಂಡಾಗುತ್ತವೆ. ಸೂರ್ಯ ಏರುವ ಮೊದಲೇ ಕೆತ್ತಬೇಕು, ಆಗ ಒಳಗಿನ ಒತ್ತಡ ಹೆಚ್ಚು. ಇದು ನಾನು ಪುಸ್ತಕದಲ್ಲಿ ಓದಿದ್ದು. ಪಾಟಿ ಹೇಳಿದ್ದು ಇಷ್ಟೇ: ‘ಬಿಸಿಲು ಬಂದರೆ ಮರ ಕೊಡಲ್ಲ ಸಾರ್.’

ಕಂಡಿಗೆ ಹೋದವರ ಊರು

ಅಕ್ಟೋಬರ್ ಮೊದಲ ವಾರ ಹೊರಟೆವು. ಕಾಲೊನಿಯ ಮಕ್ಕಳು ಒಂಬತ್ತು, ಉಳಿದವರು ಐದು. ಒಬ್ಬರು ಶಿಕ್ಷಕಿ, ತಮಿಳು ಓದಲು ಬರೆಯಲು ಬಲ್ಲ ಒಬ್ಬರು ಪೋಷಕರು, ನಾನು. ತಲೆಗೆ ಎರಡೂವರೆ ಸಾವಿರ ರೂಪಾಯಿಯಲ್ಲಿ ನಾಲ್ಕು ದಿನ ಮುಗಿಸಬೇಕೆಂದು ಲೆಕ್ಕ. ಮಂಗಳೂರಿನಿಂದ ಬೆಳಿಗ್ಗೆ ಹೊರಡುವ ರೈಲು ರಾತ್ರಿ ತಿರುಚ್ಚಿಗೆ ಮುಟ್ಟಿಸುತ್ತದೆ. ಪಾಲಕ್ಕಾಡಿನ ಕಂಡಿಯಲ್ಲಿ ಮಕ್ಕಳನ್ನೆಲ್ಲ ಕಿಟಕಿಗೆ ಕರೆದೆ. ಪಶ್ಚಿಮ ಘಟ್ಟ ಇಲ್ಲಿ ಮೂವತ್ತು ಕಿಲೋಮೀಟರಿನಷ್ಟು ಬಾಯಿ ತೆರೆದಿದೆ. ಆಚೆ ದಾಟಿದೊಡನೆ ಹಸಿರು ಮಾಸಿ ತಾಳೆಮರ, ಜಾಲಿ, ಕೆಂಪು ಬಯಲು ಶುರು. ಸುಳ್ಯದ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ನಾವು ಹೋಗುತ್ತಿದ್ದ ಕಡೆ ಅದರ ಐದನೇ ಒಂದು ಪಾಲು. ‘ಇಷ್ಟು ದೂರ ನೀರಿಲ್ಲದಿದ್ದರೆ ಯಾರಾದರೂ ಓಡಿಯೇ ಹೋಗುತ್ತಾರೆ’ ಎಂದು ಗೌಡರ ಹುಡುಗ ತೀರ್ಪು ಕೊಟ್ಟ.

ತಿರುಚ್ಚಿಯ ಮಲೈಕೋಟೆಯನ್ನು ಸಂಜೆ ಹತ್ತಿ ಇಳಿದೆವು. ಚೆನ್ನಾಗಿದೆ. ಅದರ ಬಗ್ಗೆ ಬರೆದವರು ಬಹಳ ಜನ, ಇರಲಿ.

ಅದೇ ದಿನ ಬೆಳಿಗ್ಗೆ ತುರೈಯೂರಿನ ಬಸ್ಸು ಹತ್ತಿದ್ದೆವು. ಕಾವೇರಿ ದಾಟುವವರೆಗೆ ಬತ್ತದ ಗದ್ದೆ, ಬಾಳೆ. ಮುಂದೆ ಹೋದಂತೆ ಜೋಳ, ಹತ್ತಿ, ಸಣ್ಣ ಈರುಳ್ಳಿ. ದೂರದಲ್ಲಿ ಪಚ್ಚೈಮಲೆಯ ಸಾಲು. ತುರೈಯೂರಿನಿಂದ ಇನ್ನೊಂದು ಬಸ್ಸು, ಆಮೇಲೆ ಒಂದೂವರೆ ಕಿಲೋಮೀಟರು ನಡಿಗೆ. ಫ್ಯಾಮಿಲಿ ಕಾರ್ಡಿನ ಜೆರಾಕ್ಸನ್ನು ಹುಡುಗಿ ಗಣಿತ ಪುಸ್ತಕದ ಮಧ್ಯೆ ಇಟ್ಟುಕೊಂಡಿದ್ದಳು. ಊರಿನ ಹೆಸರು ಬರೆದ ಹಳದಿ ಬೋರ್ಡು ಕಂಡಾಗ ಮಕ್ಕಳು ಓಡಿದರು. ನಾನೂ ಬೇಗ ಬೇಗ ನಡೆದೆ ಎಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದೆ. ಮನೆತನದ ಹೆಸರು ಹೇಳಿದ ಕೂಡಲೇ ಯಾರೋ ಮುದುಕರು ಬಂದು ಹುಡುಗಿಯನ್ನು ಅಪ್ಪಿಕೊಳ್ಳುತ್ತಾರೆ ಎಂದು ನನ್ನ ಮನಸ್ಸಿನಲ್ಲಿತ್ತು. ಸಿನೆಮಾ ನೋಡಿದ್ದರ ಫಲ.

ಚಹಾದ ಅಂಗಡಿಯ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಕಾಗದ ನೋಡಿದರು. ಹೆಸರು ಓದಿದರು. ಹುಡುಗಿಯ ಮುಖ ನೋಡಿದರು. ಆಮೇಲೆ ನಮ್ಮ ಪೋಷಕರನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಉತ್ತರ ಸಿಕ್ಕಿದ ಮೇಲೆ ಒರಟಾಗಿಯೇನೂ ಅಲ್ಲ, ಬಸ್ ಸ್ಟ್ಯಾಂಡಿಗೆ ದಾರಿ ತೋರಿಸುವವರ ಹಾಗೆ ಕೈ ನೀಡಿ, ‘ಇಲ್ಲಿ ಅಲ್ಲ. ಕಾಲೊನಿಯಲ್ಲಿ ವಿಚಾರಿಸಿ, ಅಲ್ಲಿ, ಕೆರೆಯ ಆಚೆ’ ಎಂದರು.

ಕಾಲೊನಿ ಎಂದರೆ ಸುಳ್ಯದಲ್ಲಿ ಕ್ವಾರ್ಟರ್ಸಿನ ಸಾಲು. ಅಲ್ಲಿ ಆ ಶಬ್ದಕ್ಕೆ ಬೇರೆಯೇ ಅರ್ಥ. ದಲಿತರ ಕೇರಿ. ಆ ಶಬ್ದದಲ್ಲಿ ಹೀನಾಯ ಸೇರಿಕೊಂಡಿದೆ ಎಂದು ಅದನ್ನು ಸರಕಾರಿ ದಾಖಲೆಗಳಿಂದ ತೆಗೆಯುವುದಾಗಿ ತಮಿಳುನಾಡು ಸರಕಾರ 2025ರ ಏಪ್ರಿಲಿನಲ್ಲಿ ಪ್ರಕಟಿಸಿತ್ತು. ದಾಖಲೆಯಿಂದ ಹೋದರೂ ನಾಲಗೆಯಿಂದ ಹೋಗಲು ಹೊತ್ತು ಬೇಕು. ನಾನು ಮಕ್ಕಳನ್ನು ಕರೆದುಕೊಂಡು ಊರಿನ ಬೀದಿಗಳನ್ನೆಲ್ಲ ದಾಟಿ, ದೇವಸ್ಥಾನದ ರಥದ ಶೆಡ್ಡು ದಾಟಿ, ಕೆರೆಯ ಏರಿಯ ಮೇಲೆ ನಡೆದೆ. ಹುಡುಗಿ ಮಾತನಾಡಲಿಲ್ಲ. ಕಾಲೊನಿಯ ಬೇರೆ ಮಕ್ಕಳೂ ಮಾತನಾಡಲಿಲ್ಲ. ಹೆತ್ತವರ ಊರನ್ನು ತೋರಿಸುತ್ತೇನೆಂದು ಸಂಭ್ರಮದಿಂದ ಕರೆತಂದವನು ನಾನು. ಊರು ಇವರನ್ನು ಎಲ್ಲಿಟ್ಟಿತ್ತು ಎಂಬುದನ್ನು ಹೊರಡುವ ಮೊದಲು ಯೋಚಿಸದೆ ಹೋದೆ. ಶಿಕ್ಷಕಿಯವರಿಗೆ ಅದು ಮೊದಲೇ ಹೊಳೆದಿತ್ತಂತೆ. ‘ನೀವು ಬಹಳ ಖುಷಿಯಲ್ಲಿದ್ದಿರಿ ಸರ್, ಹೇಳಲಿಲ್ಲ’ ಎಂದರು.

ಕೆರೆಯ ಆಚೆ ಮಾತ್ರ ನಮ್ಮನ್ನು ಕೂರಿಸಿದರು. ಹದಿನೇಳು ಜನರಿಗೂ ನೀರು, ಮಜ್ಜಿಗೆ. ಎಂಬತ್ತು ದಾಟಿದ ಒಬ್ಬ ತಾತ ಹೆಸರುಗಳನ್ನು ಮೂರು ಸಲ ಓದಿಸಿಕೊಂಡು ತಲೆಯಾಡಿಸಿದರು. ಆ ಹೆಸರಿನವರು ಯಾರೂ ನೆನಪಿಲ್ಲ. ಆದರೆ ‘ಕಂಡಿ ಸೀಮೆಗೆ ಹೋದವರು ಇಲ್ಲಿ ಎಲ್ಲ ಮನೆಯಲ್ಲೂ ಇದ್ದರು ಕಣ್ಣು’ ಎಂದು ಹುಡುಗಿಗೆ ಹೇಳಿದರು. ಕಂಡಿ ಎಂದರೆ ಕ್ಯಾಂಡಿ. ಧಾತು ವರ್ಷದ ಬರದಲ್ಲಿ ಹೋದವರು, ಆಮೇಲೆ ಸಾಲಕ್ಕೆ ಹೆದರಿ ಹೋದವರು. ಬೆಳಗಾಗುವ ಮೊದಲೇ ಈ ಏರಿಯ ಮೇಲೆ ನಡೆದು ಹೋಗುತ್ತಿದ್ದರಂತೆ, ಜಮೀನಿನವರಿಗೆ ತಿಳಿದರೆ ಆಳು ತಪ್ಪಿತೆಂದು ಹಿಡಿದು ತರುತ್ತಿದ್ದರು ಎಂದು ಅವರ ತಾಯಿ ಹೇಳಿದ್ದರಂತೆ. 1876ರಿಂದ 78ರ ಆ ಬರ ನಮ್ಮ ಮೈಸೂರು ಸೀಮೆಯವರಿಗೂ ಗೊತ್ತು. ಧಾತು ಈಶ್ವರ ಬರ ಎನ್ನುತ್ತಾರಲ್ಲ, ಅದೇ. ಕೇರಿಯ ಕೊನೆಯ ಮನೆಯವರು ಸಿಲೋನಿನಿಂದ ಮರಳಿದವರೇ. ಮನೆಯಾಕೆ ಬಂದು ಹುಡುಗಿಯ ಕೈ ಹಿಡಿದು, ‘ನಿಮ್ಮದು ಯಾವ ತೋಟ?’ ಎಂದು ಕೇಳಿದರು. ಆ ದಿನ ಆ ಊರಿನಲ್ಲಿ ಅವಳಿಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಪಾಟಿಯ ತೋಟದ ಹೆಸರು ಹೇಳಿದಳು. ಆಕೆ ಅದರ ಪಕ್ಕದ ತೋಟದವರು. ಆಮೇಲೆ ಅರ್ಧ ಗಂಟೆ ಹಟ್ಟನ್ನಿನ ಚಳಿ, ರೈಲು, ಶ್ರೀಪಾದ ಬೆಟ್ಟಕ್ಕೆ ರಾತ್ರಿ ಹತ್ತುವವರ ದೀಪದ ಸಾಲು. ಆಕೆ ಹೇಳಿದಳು, ಇವಳು ಕೇಳಿದಳು.

ಕಾಗದದ ವಿಷಯ ಮರೆತಿರಲಿಲ್ಲ. ಗ್ರಾಮ ಆಡಳಿತಾಧಿಕಾರಿ ಮೂವತ್ತರ ಪ್ರಾಯದ ಸೌಮ್ಯ ಮನುಷ್ಯ. ನಮ್ಮ ಮಾತನ್ನು ಸಾವಕಾಶವಾಗಿ ಕೇಳಿದರು. ನೂರು ವರ್ಷ ಹಿಂದೆ ಹೋದವರ ಹೆಸರು ಇರುವುದಾದರೆ ಜಮೀನಿನ ದಾಖಲೆಯಲ್ಲಿ ಇರಬೇಕು. ಜಮೀನಿನ ದಾಖಲೆಯಲ್ಲಿ ಜಮೀನು ಇದ್ದವರ ಹೆಸರು ಮಾತ್ರ ಇರುತ್ತದೆ. ‘ಇವರ ಹತ್ತಿರ ಭೂಮಿ ಇದ್ದಿದ್ದರೆ ಇವರು ಹೋಗುತ್ತಲೇ ಇರಲಿಲ್ಲ ಸಾರ್’ ಎಂದರು. ಅದಕ್ಕೆ ನಾನು ಏನು ಹೇಳಲಿ? ಹುಡುಗಿ ತನ್ನ ಪುಸ್ತಕದಲ್ಲಿ ಆ ಮಾತನ್ನು ಬರೆದುಕೊಂಡಳು.

ಸಮುದ್ರದ ಕೊನೆಯಲ್ಲಿ

ಮರುದಿನ ಬೆಳಗಿನ ರೈಲಿನಲ್ಲಿ ರಾಮೇಶ್ವರಕ್ಕೆ ಹೊರಟೆವು. ಈಚೆಯಿಂದ ಆಚೆಗೆ ಹೋದವರೂ ಆಚೆಯಿಂದ ಈಚೆಗೆ ಬಂದವರೂ ಹಾದದ್ದು ಈ ಕಡೆಯಿಂದಲೇ. ಪುದುಕ್ಕೋಟೈ, ಕಾರೈಕುಡಿ, ಮಾನಾಮಧುರೈ, ರಾಮನಾಥಪುರ. ಮಂಡಪಂ ಹತ್ತಿರ ಬಂದಾಗ ‘ಮಂಡಪಂ ಕ್ಯಾಂಪ್’ ಎಂಬ ಸ್ಟೇಷನ್ನಿನ ಬೋರ್ಡು ಕಿಟಕಿಯಲ್ಲಿ ಹಾದು ಹೋಯಿತು. ನಾಳೆ ಅಲ್ಲಿಗೆ ಬರಬೇಕಿತ್ತು.

ಪಾಂಬನ್ ಸೇತುವೆ ನೋಡಿದರೆ ವಿಜ್ಞಾನದ ಮೇಷ್ಟ್ರಿಗೆ ಹಬ್ಬ. 1914ರ ಹಳೆಯ ಸೇತುವೆಯ ನಡುವಿನ ಭಾಗ ಎರಡು ರೆಕ್ಕೆಯಾಗಿ ಬಿಚ್ಚಿಕೊಂಡು ಹಡಗಿಗೆ ದಾರಿ ಬಿಡುತ್ತಿತ್ತು, ಅದನ್ನು ಆಳುಗಳು ಕೈಯಿಂದಲೇ ತಿರುಗಿಸುತ್ತಿದ್ದರು. 2022ರ ಡಿಸೆಂಬರಿನಲ್ಲಿ ಅದರ ಮೇಲಿನ ರೈಲು ನಿಂತಿತು. 2025ರ ಏಪ್ರಿಲ್ 6ರಂದು ಆರಂಭವಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ನಡು ತುಂಡು ಇಡಿಯಾಗಿ ಲಿಫ್ಟಿನ ಹಾಗೆ 17 ಮೀಟರ್ ಮೇಲೇರುತ್ತದೆ. ಎರಡೂ ಕಡೆ ತೂಗುಭಾರ ಇರುವುದರಿಂದ ಮೋಟಾರಿಗೆ ಅಷ್ಟೇನೂ ಶ್ರಮವಿಲ್ಲ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಎಂದು ವಿವರಿಸುವಷ್ಟರಲ್ಲಿ ರೈಲು ದಾಟಿಯೇ ಬಿಟ್ಟಿತ್ತು.

ಮಧ್ಯಾಹ್ನದ ಮೇಲೆ ಧನುಷ್ಕೋಡಿಗೆ ಹೋದೆವು. 1914ರಲ್ಲಿ ಇಲ್ಲಿಂದ ತಲೈಮನ್ನಾರಿಗೆ ಉಗಿ ಹಡಗು ಶುರುವಾಯಿತು. ಈಚೆ ರೈಲು, ಆಚೆ ರೈಲು, ನಡುವೆ ಹಡಗು. ಪಾಟಿಯ ತಾತ ಹೋದದ್ದು ಇದೇ ಹಡಗಿನಲ್ಲಿ ಇರಬೇಕು. ಶಾಸ್ತ್ರಿ–ಸಿರಿಮಾವೊ ಒಪ್ಪಂದವಾಗಿ ಎರಡು ತಿಂಗಳು ತುಂಬುವ ಮೊದಲೇ, 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಎದ್ದು ಈ ಊರನ್ನೇ ನುಂಗಿತು. ಪಾಂಬನ್ನಿನಿಂದ ಹೊರಟ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಪ್ರಯಾಣಿಕರೊಂದಿಗೆ ಸಮುದ್ರ ಪಾಲಾಯಿತು. ಹಾಗಾಗಿ ಮರಳಿ ಬಂದವರು ಇಲ್ಲಿ ಇಳಿಯಲಿಲ್ಲ. ಅವರ ಹಡಗು ರಾಮೇಶ್ವರಕ್ಕೆ ಬರುತ್ತಿತ್ತು. 1983ರ ಗಲಭೆಯ ನಂತರ ಅದೂ ನಿಂತಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಜಾಫ್ನಾ ಕಡೆಯ ಕಾಂಕೇಸನ್‌ತುರೈಗೆ ಬೇರೊಂದು ಹಡಗು ಆರಂಭವಾಗಿದೆ ಎಂದೆ. ಆಲೆಟ್ಟಿಯ ಹುಡುಗನೊಬ್ಬ ಕಿವಿ ನೆಟ್ಟಗೆ ಮಾಡಿ, ‘ನಮ್ಮ ನಾಗಪಟ್ಟಣದಿಂದಲಾ ಸಾರ್?’ ಎಂದ. ಸುಳ್ಯದಲ್ಲಿಯೂ ಒಂದು ನಾಗಪಟ್ಟಣ ಉಂಟು, ಅಲ್ಲಿಯೂ ರಬ್ಬರ್ ಉಂಟು. ಪಯಸ್ವಿನಿಯಲ್ಲಿ ಹಡಗು ಬಿಡುವ ವಿಷಯ ದಿನವಿಡೀ ನಡೆಯಿತು.

ಮುರಿದ ಇಗರ್ಜಿಯ ಗೋಡೆ ಹವಳದ ಕಲ್ಲಿನದು. ಮರಳಿನಲ್ಲಿ ಬಿದ್ದಿದ್ದ ಬೆರಳಷ್ಟು ಚೂರಿಗೆ ಲಿಂಬೆಹಣ್ಣು ಹಿಂಡಿ ತೋರಿಸಿದೆ. ನೊರೆ ಬಂತು. ಕ್ಯಾಲ್ಸಿಯಂ ಕಾರ್ಬೊನೇಟ್, ಪಠ್ಯದ ಎರಡನೆಯ ಅಧ್ಯಾಯ.

ರಸ್ತೆ ಅರಿಚಲ್‌ಮುನೈಯಲ್ಲಿ ಮುಗಿಯುತ್ತದೆ. 2017ರಿಂದ ಅಲ್ಲಿಯ ತನಕ ವಾಹನ ಹೋಗುತ್ತದೆ. ಎಡಕ್ಕೆ ಕೊಲ್ಲಿ ಶಾಂತವಾಗಿ, ಬಲಕ್ಕೆ ಸಮುದ್ರ ಅಬ್ಬರಿಸುತ್ತ. ಮುಂದೆ ಮರಳ ದಿಣ್ಣೆಗಳು, ಅದರಾಚೆ ಮೂವತ್ತು ಕಿಲೋಮೀಟರಿನಷ್ಟು ದೂರದಲ್ಲಿ ತಲೈಮನ್ನಾರು. ಪುತ್ತೂರಿನಿಂದ ಸುಳ್ಯಕ್ಕಿಂತ ತುಸು ಕಡಿಮೆ. ನನ್ನ ಮೊಬೈಲಿಗೆ ‘ಶ್ರೀಲಂಕಾಕ್ಕೆ ಸ್ವಾಗತ’ ಎಂಬ ಸಂದೇಶ ಬಂತು. ಮೊಬೈಲು ಕೈಯಿಂದ ಕೈಗೆ ಹೋಯಿತು. ಮಕ್ಕಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು, ಒಬ್ಬನನ್ನು ಇನ್ನೊಬ್ಬ ಹೆಗಲ ಮೇಲೆ ಹೊತ್ತು ನೋಡಿದ. ‘ಏನೂ ಕಾಣುವುದಿಲ್ಲವಲ್ಲ ಸಾರ್!’

ಕಾಣುವುದಿಲ್ಲ. ಮರಳಿನ ಮೇಲೆಯೇ ಲೆಕ್ಕ ಮಾಡಿಸಿದೆ. ಕಣ್ಣು ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಒಂದೂವರೆ ಮೀಟರ್ ಎತ್ತರದ ಹುಡುಗಿಗೆ ನಾಲ್ಕೂವರೆ ಕಿಲೋಮೀಟರೂ ಇಲ್ಲ. ಅದರಾಚೆಗೆ ಭೂಮಿ ಬಾಗಿಕೊಂಡು ಕೆಳಗಿಳಿಯುತ್ತದೆ. ಹುಡುಗಿ ಲೆಕ್ಕವನ್ನು ಎರಡು ಸಲ ಮಾಡಿದಳು. ತಪ್ಪಿರಲಿಲ್ಲ. ಆದರೂ ವಾಪಸು ಹೊರಡಲು ಕರೆಯುವ ತನಕ ಅವಳು ನೋಡುತ್ತಲೇ ಇದ್ದಳು.

ಕೊನೆಯ ದಿನ ಮಂಡಪಂ. ಸಿಲೋನಿಗೆ ಹೋಗುವ ಆಳುಗಳನ್ನು ಬ್ರಿಟಿಷರು ಇಲ್ಲಿ ತಡೆದು, ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡು ಹಡಗಿಗೆ ಹತ್ತಿಸುತ್ತಿದ್ದರು. 1964ರ ಒಪ್ಪಂದದ ಮೇಲೆ ಬಂದವರನ್ನೂ ಇಲ್ಲಿಯೇ ಇರಿಸಿ, ಹೆಸರು ಬರೆದುಕೊಂಡು, ಯಾವ ರಾಜ್ಯಕ್ಕೆ ಎಂದು ಹಂಚಿದರು. 1983ರಿಂದ ಈಚೆಗೆ ಜಾಫ್ನಾ, ಮನ್ನಾರು ಕಡೆಯ ನಿರಾಶ್ರಿತರು ಇಲ್ಲಿದ್ದಾರೆ. ಇವರು ಬೇರೆ, ನಮ್ಮ ಕಾಲೊನಿಯವರು ಬೇರೆ. ನಮ್ಮವರು ಬರುವಾಗಲೇ ಭಾರತದ ಪೌರರು, ಕೈಯಲ್ಲಿ ಭಾರತದ ಪಾಸ್‌ಪೋರ್ಟು ಇತ್ತು. ಊರಿನಲ್ಲಿ ಇವರನ್ನು ‘ನಿರಾಶ್ರಿತರು’ ಎಂದು ಕರೆಯುವುದನ್ನು ನಾನೇ ಎಷ್ಟು ಸಲ ಕೇಳಿದ್ದೇನೆ, ತಿದ್ದಿರಲಿಲ್ಲ.

ಒಳಗೆ ಬಿಡುವುದಿಲ್ಲ. ಗೇಟಿನ ಹೊರಗಿನಿಂದ ಉದ್ದ ಸಾಲಿನ ಹಳೆಯ ಕಟ್ಟಡಗಳು ಕಂಡವು. ಹೆಸರು ಬರೆದ ಶೆಡ್ಡು ಇದೆಯಾ ನೋಡಿಕೊಂಡು ಬಾ ಎಂದು ಪಾಟಿ ಮೊಮ್ಮಗಳಿಗೆ ಹೇಳಿ ಕಳಿಸಿದ್ದರು. ಯಾವ ಶೆಡ್ಡು ಎಂದು ಹೇಗೆ ತಿಳಿಯುವುದು? ಅವಳು ಕಂಡ ಎಲ್ಲ ಕಟ್ಟಡಗಳನ್ನೂ ಬಿಡಿಸಿಕೊಂಡಳು. ಒಟ್ಟು ಏಳು.

ಸುಳ್ಯಕ್ಕೆ ಮರಳಿದ ಸಂಜೆ ನಾನೂ ಅವಳ ಜತೆಗೆ ಕಾಲೊನಿಗೆ ಹೋದೆ. ತುರೈಯೂರಿನ ವಿಷಯವನ್ನು ಹೇಗೆ ಹೇಳುವುದೆಂದು ನನಗೆ ಅಳುಕು. ಹುಡುಗಿಯೇ ಹೇಳಿದಳು, ಕೆರೆಯ ಆಚೆಗೆ ಕಳಿಸಿದ್ದನ್ನೂ ಸೇರಿಸಿ. ಪಾಟಿ, ‘ಗೊತ್ತು. ಅದಕ್ಕೇ ತಾತ ಒಂದು ಸಲವೂ ಹೋಗಲಿಲ್ಲ’ ಎಂದು ಅಷ್ಟಕ್ಕೇ ಬಿಟ್ಟರು. ಏಳು ಚಿತ್ರಗಳನ್ನು ಒಂದೊಂದಾಗಿ ನೋಡಿ ನಾಲ್ಕನೆಯದರ ಮೇಲೆ ಬೆರಳಿಟ್ಟರು. ಅದು ನಿಜವಾಗಿ ಅದೇ ಕಟ್ಟಡವೋ, ಮೊಮ್ಮಗಳನ್ನು ಸಂತೋಷಪಡಿಸಲು ಹೇಳಿದ್ದೋ ನಾನು ಕೇಳಲಿಲ್ಲ.

‘ಆಚೆ ಕಡೆ ಕಂಡಿತಾ?’ ಎಂದು ಕೇಳಿದರು.

‘ಇಲ್ಲ ಪಾಟಿ, ಭೂಮಿ ಬಾಗಿದೆ, ಅದಕ್ಕೆ ಕಾಣುವುದಿಲ್ಲ’ ಎಂದಳು ಹುಡುಗಿ, ನನ್ನ ಕಡೆ ನೋಡುತ್ತ.

‘ಬಾಗಿದ್ದು ನಾನು ನೋಡಿದ್ದೇನೆ. ಹಡಗಿನ ಹಿಂದೆ ನಿಂತಿದ್ದೆ, ಅಕ್ಕ ದಡದಲ್ಲಿದ್ದಳು. ಮೊದಲು ಜನ ಮುಳುಗಿದರು. ಆಮೇಲೆ ಶೆಡ್ಡು ಮುಳುಗಿತು. ದೀಪದ ಕಂಬ ಮಾತ್ರ ಬಹಳ ಹೊತ್ತು ಇತ್ತು. ಆಮೇಲೆ ಅದೂ ಹೋಯಿತು.’

ಇಪ್ಪತ್ತೇಳು ವರ್ಷಗಳಿಂದ ಭೂಮಿ ಗುಂಡಗಿದೆ ಎನ್ನುವುದಕ್ಕೆ ಹಡಗಿನ ಉದಾಹರಣೆ ಹೇಳುತ್ತ ಬಂದಿದ್ದೇನೆ. ಅದನ್ನು ಕಣ್ಣಾರೆ ನೋಡಿದ ಒಬ್ಬರು ನಮ್ಮ ಶಾಲೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದ್ದರು.

ಹೊರಗೆ ಬಂದಾಗ ಹುಡುಗಿಯ ಅಪ್ಪ ಸೈಕಲ್ಲು ಹಿಡಿದು ನಿಂತಿದ್ದ. ‘ಕಾಗದ ಸಿಕ್ಕಿತಾ ಸಾರ್?’ ಇಲ್ಲವೆಂದೆ, ಯಾಕೆ ಇಲ್ಲವೆಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಸೋಮವಾರ ಮತ್ತೆ ಅರ್ಜಿ ಕೊಡುತ್ತೇನೆ, ಫ್ಯಾಮಿಲಿ ಕಾರ್ಡಿನ ಜೆರಾಕ್ಸು ಇಡುತ್ತೇನೆ, ಜತೆಗೆ ನೀವೊಂದು ಪತ್ರ ಬರೆದುಕೊಡಿ ಎಂದ. ಭೂಮಿ ಇಲ್ಲದವರ ಹೆಸರು ದಾಖಲೆಯಲ್ಲಿ ಯಾಕೆ ಇರುವುದಿಲ್ಲ ಎಂಬುದರಿಂದ ಶುರು ಮಾಡಿ, ರಾತ್ರಿ ಕುಳಿತು ಎರಡು ಪುಟ ಬರೆದೆ. ಮಂಗಳವಾರ ಅವನು ಸ್ವೀಕೃತಿ ಚೀಟಿ ತಂದು ತೋರಿಸಿದ. ಮುಂದಿನ ತಿಂಗಳು ಬಂದು ವಿಚಾರಿಸಲು ಹೇಳಿದ್ದಾರೆ.